ಹಳೆಯ ಇಂಗ್ಲಿಷ್ ಒಕ್ಕಲುತನದ ಪುಸ್ತಕಗಳು: ಯಾವುದನ್ನು, ಯಾಕಾಗಿ ಮೊದಲು ಓದಬೇಕು

ಬೇಸಾಯವನ್ನೂ ಭೂಮಿಯ ಸುಧಾರಣೆಯನ್ನೂ ಕುರಿತು ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಮುಖ್ಯ ಸ್ವತಂತ್ರ ಪುಸ್ತಕ 1523ರದು. ಅಲ್ಲಿಂದ 1669ರವರೆಗಿನ ಒಂದೂವರೆ ಶತಮಾನದಲ್ಲಿ ಬಂದ ಬರಹಗಳಲ್ಲಿ ಹಲವು ಇಂದು ಅಂತರ್ಜಾಲದ ಗ್ರಂಥಭಂಡಾರಗಳಲ್ಲಿ ಓದಲು ಸಿಗುತ್ತವೆ. ಕೃಷಿಯ ಇತಿಹಾಸದಲ್ಲಿ ಆಸಕ್ತಿಯುಳ್ಳ ಕನ್ನಡ ಓದುಗರು ಇವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂದು ತೀರ್ಮಾನಿಸುವುದು ಸುಲಭವಲ್ಲ. ಉಳುಮೆ, ಗೊಬ್ಬರ, ಕುರಿ, ಬೇಲಿ ಎಂಬ ಅವೇ ವಿಷಯಗಳು ಎಲ್ಲ ಪುಸ್ತಕಗಳಲ್ಲೂ ಬರುತ್ತವೆ; ಒಬ್ಬರು ಇನ್ನೊಬ್ಬರಿಂದ ಎತ್ತಿ ಬರೆದದ್ದೂ ಉಂಟು. ಮಣ್ಣು ಮುಟ್ಟಿ ಬರೆದವರ ಪಕ್ಕದಲ್ಲೇ ಗ್ರೀಕರ ಮತ್ತು ರೋಮನ್ನರ ಹಳೆಯ ಗ್ರಂಥಗಳನ್ನು ಓದಿ ಬರೆದವರೂ ಇದ್ದಾರೆ. ಹೀಗಿರುವಾಗ ಹೆಸರಿನ ಖ್ಯಾತಿಯನ್ನು ನೋಡಿ ಆರಿಸಿಕೊಂಡರೆ ನೂರಾರು ಪುಟ ಓದಿದ ಮೇಲೂ ಕೈಗೆ ಹೆಚ್ಚೇನೂ ಹತ್ತದೆ ಹೋಗಬಹುದು.

ಆರಿಸಿಕೊಳ್ಳಲು ನಾನು ಬಳಸುವ ಅಳತೆಗೋಲು ಈ ಪುಸ್ತಕಗಳದೇ ಒಂದು ಪದದಲ್ಲಿದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ 'ಇಂಪ್ರೂವ್' ಎಂಬ ಕ್ರಿಯಾಪದವು ಲಾಭ ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಹುಟ್ಟಿದ್ದು. ಭೂಮಿಯನ್ನು 'ಇಂಪ್ರೂವ್' ಮಾಡುವುದೆಂದರೆ ಮೊದಲಿಗೆ ಅದರಿಂದ ಬರುವ ಆದಾಯವನ್ನು ಹೆಚ್ಚಿಸುವುದು ಎಂದೇ ಅರ್ಥವಿತ್ತು; ಪಾಳು ನೆಲಕ್ಕೋ ಊರೊಟ್ಟಿನ ಗೋಮಾಳಕ್ಕೋ ಬೇಲಿ ಹಾಕಿ ಸ್ವಂತ ಮಾಡಿಕೊಳ್ಳುವುದೂ ಆ ಅರ್ಥದೊಳಗೆ ಸೇರಿತ್ತು. ಮಣ್ಣನ್ನೇ ಉತ್ತಮಗೊಳಿಸುವುದು ಎಂಬ ಅರ್ಥ ನಿಧಾನವಾಗಿ, ಈ ಒಂದೂವರೆ ಶತಮಾನದ ಬರಹಗಳ ಮೂಲಕವೇ, ಗಟ್ಟಿಯಾಯಿತು. ಆದ್ದರಿಂದ ಪ್ರತಿ ಪುಸ್ತಕಕ್ಕೂ ಎರಡು ಪ್ರಶ್ನೆ ಹಾಕುತ್ತೇನೆ. ಬರೆದವನು ಹೇಳುವುದನ್ನು ತಾನು ಮಾಡಿ ನೋಡಿದ್ದಾನೆಯೇ? ಅವನು ಹೇಳುವ ಸುಧಾರಣೆ ಯಾರ ಮನೆಗೆ ಹೋಗುತ್ತದೆ, ಒಡೆಯನ ಮನೆಗೋ, ಗೇಣಿದಾರನ ಮನೆಗೋ, ಮಣ್ಣಿಗೋ?

'ಹಸ್ಬಂಡ್ರಿ' ಎಂಬ ಇನ್ನೊಂದು ಪದದ ವಿಷಯದಲ್ಲಿ ಕನ್ನಡಿಗರಿಗೆ ಅನುಕೂಲವೇ ಇದೆ. ಆ ಪದದಲ್ಲಿ ಮನೆ ನಡೆಸುವುದೂ ಹೊಲ ಉಳುವುದೂ ಒಟ್ಟಿಗೆ ಅಡಗಿವೆ. ನಮ್ಮ 'ಒಕ್ಕಲುತನ'ದಲ್ಲಿಯೂ ಮನೆ, ಬೇಸಾಯ, ಗೇಣಿ ಎಂಬ ಮೂರು ಅರ್ಥಗಳೂ ಕೂಡಿಕೊಂಡಿರುವುದರಿಂದ 'ಕೃಷಿ' ಎಂಬುದಕ್ಕಿಂತ ಈ ಪದವೇ ಆ ಪುಸ್ತಕಗಳಿಗೆ ಹತ್ತಿರವಾದದ್ದು.

ಫಿಟ್ಜ್‌ಹರ್ಬರ್ಟ್ ಮತ್ತು ಟಸರ್

ಹದಿಮೂರನೆಯ ಶತಮಾನದ ವಾಲ್ಟರ್ ಆಫ್ ಹೆನ್ಲಿಯನ್ನು ಈ ಪಟ್ಟಿಯಲ್ಲಿ ಮೊದಲಿಗೆ ಇಡುವ ರೂಢಿಯಿದೆ. ಆದರೆ ಅವನ ಕೃತಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದರೂ ಅದರ ಭಾಷೆ ಅಂದಿನ ಒಡೆಯರ ಮನೆಯ ಫ್ರೆಂಚ್. ಜಮೀನಿನ ಲೆಕ್ಕಪತ್ರ ನೋಡಿಕೊಳ್ಳುವವರಿಗೆ ಅದು ಕೈಪಿಡಿಯಾಗಿತ್ತು. ಹೊಸಬರು ಅದನ್ನು ಸದ್ಯಕ್ಕೆ ಬದಿಗಿಡಬಹುದು.

ನಿಜವಾದ ಆಯ್ಕೆ ಆರಂಭವಾಗುವುದು 1523ರ ಫಿಟ್ಜ್‌ಹರ್ಬರ್ಟ್ ಮತ್ತು 1557ರ ಥಾಮಸ್ ಟಸರ್ ಇವರ ನಡುವೆ. ಫಿಟ್ಜ್‌ಹರ್ಬರ್ಟ್‌ನ ಒಕ್ಕಲುತನದ ಪುಸ್ತಕವನ್ನು ಲಂಡನ್ನಿನಲ್ಲಿ ರಿಚರ್ಡ್ ಪಿನ್ಸನ್ ಅಚ್ಚು ಹಾಕಿದನು. ಡರ್ಬಿಶೈರ್‌ನ ನಾರ್ಬರಿಯ ಮನೆತನಕ್ಕೆ ಸೇರಿದ ನ್ಯಾಯಾಧೀಶ ಸರ್ ಆಂಟನಿ ಫಿಟ್ಜ್‌ಹರ್ಬರ್ಟ್‌ನೇ ಇದರ ಕರ್ತೃವೆಂದು ಬಹುಕಾಲ ನಂಬಲಾಗಿತ್ತು. ನಂತರದ ವಿದ್ವಾಂಸರು ಅವನ ಅಣ್ಣ ಜಾನ್‌ನ ಕಡೆಗೆ ಒಲಿದಿದ್ದಾರೆ. ಒಳಗಿನ ಸಾಕ್ಷ್ಯವೂ ಆ ಕಡೆಗೇ ವಾಲುತ್ತದೆ, ಏಕೆಂದರೆ ತಾನು 40 ವರ್ಷ ಮನೆವಾರ್ತೆ ನಡೆಸಿದವನೆಂದು ಲೇಖಕ ಹೇಳಿಕೊಳ್ಳುತ್ತಾನೆ. ಪುಸ್ತಕ ತೆರೆದುಕೊಳ್ಳುವುದೇ ನೇಗಿಲಿನಿಂದ. ಯಾವ ಸೀಮೆಯಲ್ಲಿ ಯಾವ ಬಗೆಯ ನೇಗಿಲು, ಕೆಂಟ್‌ನದು ಹೇಗೆ, ಬಕಿಂಗ್‌ಹ್ಯಾಮ್‌ಶೈರ್‌ನದು ಹೇಗೆ, ಒಂದು ಮಣ್ಣಿಗೆ ಹೊಂದುವುದು ಇನ್ನೊಂದಕ್ಕೆ ಏಕೆ ಹೊಂದುವುದಿಲ್ಲ ಎಂಬುದನ್ನು ಅವನು ಬಿಡಿಬಿಡಿಯಾಗಿ ಹೇಳುತ್ತಾನೆ.

ಬಿತ್ತನೆಗೆ ಹದ ನೋಡುವ ಅವನ ವಿಧಾನವನ್ನು ಓದಿದರೆ ಈ ಮನುಷ್ಯ ಹೊಲದಲ್ಲಿ ನಡೆದಾಡಿದವನು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಬಟಾಣಿ ಮತ್ತು ಬೀನ್ಸಿನಂಥ ಕಾಳುಗಳನ್ನು ಬಿತ್ತುವ ಮೊದಲು ಉತ್ತ ನೆಲದ ಮೇಲೆ ನಡೆದು ನೋಡು. ಕಾಲಡಿಯಲ್ಲಿ ಅದು ಹಾಡಿದರೆ, ಕೂಗಿದರೆ, ಸದ್ದು ಮಾಡಿದರೆ ಇನ್ನೂ ತೀರ ಒದ್ದೆಯಾಗಿದೆ ಎಂದು ತಿಳಿ. ಸದ್ದಿಲ್ಲದೆ ಕುದುರೆಯ ಭಾರವನ್ನು ತಾಳಿದರೆ ದೇವರ ಹೆಸರಿನಲ್ಲಿ ಬಿತ್ತು ಎನ್ನುತ್ತಾನೆ. ಐದು ಶತಮಾನಗಳ ನಂತರವೂ ಕೆಲಸಕ್ಕೆ ಬರುವ ಪರೀಕ್ಷೆ ಇದು. ಎತ್ತು ಮೇಲೋ ಕುದುರೆ ಮೇಲೋ ಎಂಬ ಹಳೆಯ ಚರ್ಚೆಯಲ್ಲಿಯೂ ಅವನು ಒಂದೇ ಮಾತಿನ ತೀರ್ಪು ಕೊಡುವುದಿಲ್ಲ. ಜಿಗುಟು ಮಣ್ಣಿನಲ್ಲಿ, ಏರು ನೆಲದಲ್ಲಿ ಕುದುರೆ ನಿಂತುಬಿಡುವ ಕಡೆ ಎತ್ತು ಎಳೆಯುತ್ತದೆ. ಸಮತಟ್ಟಾದ ಹಗುರ ನೆಲದಲ್ಲಿ ಕುದುರೆ ಬೇಗ ಸಾಗುತ್ತದೆ, ಆದರೆ ಅದರ ಮೇವಿಗೂ ಲಾಳಕ್ಕೂ ಖರ್ಚು ಹೆಚ್ಚು. ಮುದಿಯಾದ ಎತ್ತನ್ನು ಮೇಯಿಸಿ ಮಾಂಸಕ್ಕೆ ಮಾರಬಹುದು, ಸತ್ತ ಕುದುರೆ ಮಾತ್ರ ಬರಿಯ ಹೆಣ ಎಂಬುದು ಅವನ ಕೊನೆಯ ಲೆಕ್ಕ. ವಾಲ್ಟರ್ ಆಫ್ ಹೆನ್ಲಿಯ ವಾದವೂ ಹೆಚ್ಚುಕಡಿಮೆ ಇದೇ ಆಗಿತ್ತು. ಇನ್ನೂರೈವತ್ತು ವರ್ಷಗಳಲ್ಲಿ ಬದಲಾಗದ ಸಂಗತಿಗಳೂ ಇದ್ದವು ಎಂಬುದು ಇದರಿಂದ ತಿಳಿಯುತ್ತದೆ.

ಟಸರ್‌ನ ದಾರಿಯೇ ಬೇರೆ. ಎಸೆಕ್ಸ್‌ನ ರಿವೆನ್‌ಹಾಲ್‌ನಲ್ಲಿ ಹುಟ್ಟಿ, ಚರ್ಚಿನ ಗಾಯಕವೃಂದದಲ್ಲಿ ಹಾಡಿ, ಈಟನ್‌ನಲ್ಲೂ ಕೇಂಬ್ರಿಜ್‌ನಲ್ಲೂ ಕಲಿತು, ಶ್ರೀಮಂತನೊಬ್ಬನ ಮನೆಯಲ್ಲಿ ಸಂಗೀತಗಾರನಾಗಿದ್ದು, ಆಮೇಲೆ ಸಫಕ್‌ನ ಕ್ಯಾಟವೇಡ್ ಎಂಬಲ್ಲಿ ಬೇಸಾಯಕ್ಕಿಳಿದವನು ಅವನು. 1557ರಲ್ಲಿ ಒಕ್ಕಲುತನದ ನೂರು ಸೂತ್ರಗಳನ್ನು ಪ್ರಾಸಬದ್ಧ ದ್ವಿಪದಿಗಳಲ್ಲಿ ಪ್ರಕಟಿಸಿದನು. 1573ರ ಹೊತ್ತಿಗೆ ಅವು ಐನೂರಾಗಿ ಬೆಳೆದಿದ್ದವು. ಅವನ ವರ್ಷ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ, ಏಕೆಂದರೆ ಗೇಣಿ ಹಿಡಿದವನು ಹೊಲಕ್ಕೆ ಕಾಲಿಡುವುದು ಆ ತಿಂಗಳ ಕೊನೆಯ ಮಿಕೆಲ್ಮಸ್ ಹಬ್ಬಕ್ಕೆ. ಅಲ್ಲಿಂದ ತಿಂಗಳು ತಿಂಗಳಿಗೂ ಮಾಡಬೇಕಾದ ಕೆಲಸ, ಇರಬೇಕಾದ ಸಲಕರಣೆ, ಹಾಕಬೇಕಾದ ತರಕಾರಿ ಬೀಜ, ಕೊಯ್ಲಿನವರಿಗೆ ಕೊಡಬೇಕಾದ ಕೈಗವಸು ಎಲ್ಲವೂ ಪದ್ಯದಲ್ಲೇ ಸಾಗುತ್ತವೆ. ಭರಣಿ ಮಳೆ, ರೋಹಿಣಿ ಮಳೆಗಳ ಗಾದೆಗಳನ್ನು ಕೇಳುತ್ತ ಬೆಳೆದವರಿಗೆ ಬೇಸಾಯದ ತಿಳಿವಳಿಕೆಯನ್ನು ಪ್ರಾಸದಲ್ಲಿ ಕಟ್ಟಿ ನೆನಪಿಡುವ ಈ ಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಟಸರ್ ಸ್ವತಃ ಬೇಸಾಯದಲ್ಲಿ ಏಳಿಗೆ ಕಾಣಲಿಲ್ಲ. ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತ 1580ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಅಷ್ಟಕ್ಕೇ ಅವನ ಮಾತನ್ನು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಗೇಣಿ, ಕಾಯಿಲೆ, ಸಾಲ ಇವುಗಳ ನಡುವೆ ಸಣ್ಣ ಒಕ್ಕಲು ಹೇಗೆ ಬದುಕುತ್ತಾನೆ ಎಂಬುದು ಗೆದ್ದವರ ಪುಸ್ತಕಗಳಿಗಿಂತ ಇವನ ಸಾಲುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಬ್ಬರಲ್ಲಿ ಒಬ್ಬನನ್ನು ಆರಿಸುವುದಾದರೆ, ಮಣ್ಣು ಮತ್ತು ಪ್ರಾಣಿಗಳನ್ನು ಅರಿಯಬೇಕೆನ್ನುವವರಿಗೆ ಫಿಟ್ಜ್‌ಹರ್ಬರ್ಟ್, ವರ್ಷದ ಲಯವನ್ನೂ ಮನೆಯೊಳಗಿನ ಬದುಕನ್ನೂ ಅರಿಯಬೇಕೆನ್ನುವವರಿಗೆ ಟಸರ್. ಭಾಷೆಯ ಮಟ್ಟಿಗೆ ಮಾತ್ರ ನಿರೀಕ್ಷೆ ತಲೆಕೆಳಗಾಗುತ್ತದೆ. ಮೂವತ್ತನಾಲ್ಕು ವರ್ಷ ಹಳೆಯದಾದರೂ ಫಿಟ್ಜ್‌ಹರ್ಬರ್ಟ್‌ನ ಗದ್ಯವೇ ಸುಲಭ. ಅಕ್ಷರ ಜೋಡಣೆ ವಿಚಿತ್ರವಾಗಿ ಕಂಡರೂ ಗಟ್ಟಿಯಾಗಿ ಓದಿಕೊಂಡರೆ ಅರ್ಥ ತಾನೇ ಬಿಚ್ಚಿಕೊಳ್ಳುತ್ತದೆ. ಟಸರ್ ಪ್ರಾಸಕ್ಕಾಗಿ ಪದಗಳನ್ನು ಮುರಿದು ಹೆಣೆಯುವುದರಿಂದಲೂ ಪೂರ್ವ ಇಂಗ್ಲೆಂಡಿನ ಆಡುಮಾತನ್ನು ಧಾರಾಳವಾಗಿ ತರುವುದರಿಂದಲೂ ಪದಕೋಶವಿಲ್ಲದೆ ಓದಲಾಗದು. ಇಬ್ಬರಿಗೂ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಡಯಲೆಕ್ಟ್ ಸೊಸೈಟಿಯ ಆವೃತ್ತಿಗಳಿವೆ. ಟಸರ್‌ನದು 1878ರದು, ಸ್ಕೀಟ್ ಸಂಪಾದಿಸಿದ ಫಿಟ್ಜ್‌ಹರ್ಬರ್ಟ್ 1882ರದು. ಹಳೆಯ ಗಾಥಿಕ್ ಅಚ್ಚಿನೊಡನೆ ಗುದ್ದಾಡುವ ಬದಲು ಇವುಗಳನ್ನೇ ಹಿಡಿಯುವುದು ಒಳ್ಳೆಯದು.

ಮಾರ್ಕಮ್, ಮತ್ತು ಮನೆಯೊಡತಿಯ ಪಾಲು

ಗರ್ವೆಸ್ ಮಾರ್ಕಮ್ ಹದಿನೇಳನೆಯ ಶತಮಾನದ ಆರಂಭದಲ್ಲಿ ಅತಿ ಹೆಚ್ಚು ಬರೆದವನು. 1613ರಲ್ಲಿ ಇಂಗ್ಲಿಷ್ ಒಕ್ಕಲಿಗನ ಬಗ್ಗೆ, 1615ರಲ್ಲಿ ಇಂಗ್ಲಿಷ್ ಗೃಹಿಣಿಯ ಬಗ್ಗೆ, 1620ರಲ್ಲಿ ಬಂಜರು ನೆಲವನ್ನು ಫಲವತ್ತಾಗಿಸುವ ಬಗ್ಗೆ ಪುಸ್ತಕಗಳನ್ನು ತಂದನು. ಒಂದೇ ಸರಕನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುವ ಅಭ್ಯಾಸ ಅವನಿಗಿತ್ತು. ಕೊನೆಗೆ 1617ರಲ್ಲಿ, ಕುದುರೆ, ದನ, ಕುರಿ, ಹಂದಿ, ಆಡುಗಳ ರೋಗ ಮತ್ತು ಚಿಕಿತ್ಸೆಯ ಬಗ್ಗೆ ಇನ್ನು ಮುಂದೆ ಯಾವ ಪುಸ್ತಕವನ್ನೂ ಬರೆಯುವುದಿಲ್ಲವೆಂದು ಮುದ್ರಕರ ಮತ್ತು ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಗೆ ಅವನು ಸಹಿ ಹಾಕಿಕೊಡಬೇಕಾಯಿತು. ಹೊಲದ ವಿಷಯಕ್ಕೆ ಅವನನ್ನು ಮೊದಲ ಆಯ್ಕೆಯಾಗಿ ನಾನು ಸೂಚಿಸಲಾರೆ.

ಗೃಹಿಣಿಯ ಪುಸ್ತಕಕ್ಕೆ ಮಾತ್ರ ಈ ಮಾತು ಸಲ್ಲದು. ಮದ್ದು, ಅಡುಗೆ, ಹೈನು, ಉಣ್ಣೆಗೆ ಬಣ್ಣ ಹಾಕುವುದು, ನಾರು, ಬಿಯರ್ ತಯಾರಿಕೆ ಹೀಗೆ ಒಕ್ಕಲುಮನೆಯ ಅರ್ಧ ಆರ್ಥಿಕತೆಯನ್ನೇ ಹೊತ್ತವಳ ಕೆಲಸವನ್ನು ಅಷ್ಟು ವಿವರವಾಗಿ ಬರೆದ ಇನ್ನೊಂದು ಪುಸ್ತಕ ಆ ಕಾಲದ ಒಕ್ಕಲುತನದ ಬರಹಗಳಲ್ಲಿ ಸಿಗುವುದು ಕಷ್ಟ. ಈ ವಿಷಯದಲ್ಲಿ ಮೂವರನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಲಾಭದಾಯಕ. ಮೂವರೂ ಗಂಡಸರು, ಮೂವರೂ ಉಪದೇಶ ಮಾಡುವವರು. ಟಸರ್‌ನ ಮನೆಯೊಡತಿ ಬೇಗ ಏಳುತ್ತಾಳೆ, ಏನನ್ನೂ ಪೋಲಾಗಲು ಬಿಡುವುದಿಲ್ಲ, ಆಳುಗಳ ಮೇಲೆ ಕಣ್ಣಿಡುತ್ತಾಳೆ. ಮಾರ್ಕಮ್‌ನವಳು ಸಕಲ ವಿದ್ಯಾಸಂಪನ್ನೆ. ಫಿಟ್ಜ್‌ಹರ್ಬರ್ಟ್ ಹೇಳುವ ಒಂದು ಮಾತು ಮಾತ್ರ ಉಳಿದಿಬ್ಬರಿಗಿಂತ ಮುಂದಿದೆ. ಹೆಂಡತಿ ಸಂತೆಗೆ ಹೋಗಿ ಬೆಣ್ಣೆ, ಗಿಣ್ಣು, ಮೊಟ್ಟೆ, ಕೋಳಿ ಮಾರಿ ಬಂದ ಮೇಲೆ ಗಂಡನಿಗೆ ಸರಿಯಾದ ಲೆಕ್ಕ ಒಪ್ಪಿಸಬೇಕು. ಗಂಡ ಸಂತೆಗೆ ಹೋಗಿ ಬಂದರೆ ಅವನೂ ಹಾಗೆಯೇ ಹೆಂಡತಿಗೆ ಲೆಕ್ಕ ಕೊಡಬೇಕು. ಒಬ್ಬರು ಇನ್ನೊಬ್ಬರಿಗೆ ಮೋಸ ಮಾಡಿದರೆ ತಮಗೆ ತಾವೇ ಮೋಸ ಮಾಡಿಕೊಂಡಂತೆ ಎನ್ನುತ್ತಾನೆ. 1523ರಲ್ಲಿ ಬರೆದ ಈ ಸಾಲನ್ನು ಓದಿದಾಗಲೆಲ್ಲ ಆ ಲೇಖಕನ ಮೇಲಿನ ನನ್ನ ಗೌರವ ಹೆಚ್ಚುತ್ತದೆ.

ಗೊಬ್ಬರಗಳ ಬಗ್ಗೆ ಬರೆದ ಹ್ಯೂ ಪ್ಲ್ಯಾಟ್, ಜರ್ಮನ್ ವಿದ್ವಾಂಸ ಹೆರೆಸ್‌ಬಾಕ್‌ನ ಲ್ಯಾಟಿನ್ ಕೃತಿಯನ್ನು 1577ರಲ್ಲಿ ಇಂಗ್ಲಿಷಿಗೆ ತಂದ ಬಾರ್ನಬಿ ಗೂಜ್ ಇವರಿಬ್ಬರನ್ನು ವಿಶೇಷ ಅಧ್ಯಯನ ಮಾಡುವವರಿಗೆ ಬಿಟ್ಟುಬಿಡಬಹುದು.

ವೆಸ್ಟನ್: ಬಡ ಮರಳಿನಿಂದ ಕಲಿತದ್ದು

ಬೆಳೆ ಸರದಿಯ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಮಿಕ್ಕವರನ್ನೆಲ್ಲ ಬಿಟ್ಟು ನೇರವಾಗಿ ಸರ್ ರಿಚರ್ಡ್ ವೆಸ್ಟನ್‌ನ ಬಳಿಗೆ ಹೋಗಬಹುದು. ಸರ್ರಿಯ ಸಟನ್ ಪ್ಲೇಸ್ ಎಂಬ ಜಮೀನಿನ ಒಡೆಯನಾದ ಅವನು ರಾಜನ ಪಕ್ಷದವನು. ರಾಜನಿಗೂ ಪಾರ್ಲಿಮೆಂಟಿಗೂ ನಡೆದ 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ದೇಶ ಬಿಟ್ಟು ಇಂದಿನ ಬೆಲ್ಜಿಯಂ ಸುತ್ತಿನ ಫ್ಲಾಂಡರ್ಸ್ ಮತ್ತು ಬ್ರಬಾಂಟ್ ಸೀಮೆಗಳಲ್ಲಿ ಇದ್ದಾಗ ಅಲ್ಲಿನ ಬೇಸಾಯವನ್ನು ನೋಡಿ, ಊರಲ್ಲಿದ್ದ ತನ್ನ ಮಕ್ಕಳಿಗೆ ತಿಳಿಸಲೆಂದು ಒಂದು ಸಣ್ಣ ಬರಹವನ್ನು ಸಿದ್ಧಪಡಿಸಿದನು. ಅದರ ಹಸ್ತಪ್ರತಿಯನ್ನು ಸಂಪಾದಿಸಿಕೊಂಡ ಸ್ಯಾಮ್ಯುಯೆಲ್ ಹಾರ್ಟ್‌ಲಿಬ್, ಬರೆದವನ ಅನುಮತಿಯಿಲ್ಲದೆಯೇ 1650ರಲ್ಲಿ ಅದನ್ನು ಅಚ್ಚು ಹಾಕಿಸಿದನು.

ಅಲ್ಲಿ ವೆಸ್ಟನ್‌ನನ್ನು ಬೆರಗುಗೊಳಿಸಿದ್ದು ಹುಲುಸಾದ ಗೋಧಿ ಹೊಲಗಳಲ್ಲ. ಕುರುಚಲು ಬೆಳೆಯುವ ಬಡ ಮರಳು ನೆಲವೇ ಅಲ್ಲಿನವರಿಗೆ ಹೆಚ್ಚು ಆದಾಯ ತರುತ್ತಿತ್ತು. ಆ ನೆಲದಲ್ಲಿ ನಾರಿನ ಅಗಸೆ, ಅದರ ಹಿಂದೆಯೇ ಟರ್ನಿಪ್ ಗಡ್ಡೆ, ಆಮೇಲೆ ಓಟ್ಸ್, ಓಟ್ಸಿನ ಅಡಿಯಲ್ಲೇ ಕ್ಲೋವರ್ ಎಂಬ ಮೇವಿನ ಬೀಜ; ಓಟ್ಸ್ ಕೊಯ್ದ ಮೇಲೆ ಆ ಮೇವು ಎದ್ದು ಬಂದು ವರ್ಷಗಳವರೆಗೆ ದನಗಳನ್ನು ಸಾಕುತ್ತಿತ್ತು. ನೆಲವನ್ನು ಬೀಳು ಬಿಡದೆ, ಬೇಸಿಗೆಗೂ ಚಳಿಗಾಲಕ್ಕೂ ಮೇವು ಹೊಂದಿಸಿ, ದನ ಹೆಚ್ಚಿಸಿ, ಗೊಬ್ಬರ ಹೆಚ್ಚಿಸಿ, ಮತ್ತೆ ನೆಲಕ್ಕೇ ಅದನ್ನು ಹಿಂದಿರುಗಿಸುವ ಸುತ್ತು ಇದು. ಮುಂದೆ ಹದಿನೆಂಟನೆಯ ಶತಮಾನದಲ್ಲಿ ನಾರ್ಫಕ್ ಸೀಮೆಯ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಬೆಳೆಗಳ ಸರದಿಯ ಬೀಜ ಇಲ್ಲಿಯೇ ಕಾಣುತ್ತದೆ. ಕ್ಲೋವರ್ ಬೆಳೆದ ನೆಲ ಏಕೆ ಬಲಗೊಳ್ಳುತ್ತದೆ ಎಂಬುದು ವೆಸ್ಟನ್‌ನ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ. ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ತೋರಿಸಿದ್ದು 1880ರ ದಶಕದ ಕೊನೆಯಲ್ಲಿ. ಕಾರಣ ತಿಳಿಯದೆಯೂ ಫಲವನ್ನು ಸರಿಯಾಗಿ ಗುರುತಿಸಿದ ಬರಹವೆಂಬ ಕಾರಣಕ್ಕೆ ವೆಸ್ಟನ್‌ನ ಈ ಕಿರುಪುಸ್ತಕ ನನಗೆ ಅಚ್ಚುಮೆಚ್ಚು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು ಎಂಬುದೂ ಆಯ್ಕೆ ಮಾಡುವವರಿಗೆ ಮುಖ್ಯ.

ಪ್ರಕಾಶಕನಾದ ಹಾರ್ಟ್‌ಲಿಬ್ ಬಾಲ್ಟಿಕ್ ತೀರದ ಎಲ್ಬಿಂಗ್ ಪಟ್ಟಣದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದವನು. ಬೇಸಾಯಗಾರನಲ್ಲ, ಪತ್ರಗಳ ಮೂಲಕ ತಿಳಿವಳಿಕೆಯನ್ನು ಕಲೆಹಾಕಿ ಹಂಚಿದವನು. 1651ರಲ್ಲಿ ಅವನು ತಂದ ಸಂಕಲನದ ಬಹುಭಾಗ ರಾಬರ್ಟ್ ಚೈಲ್ಡ್ ಎಂಬ ವೈದ್ಯನ ಉದ್ದದ ಪತ್ರ; ಇಂಗ್ಲೆಂಡಿನ ಬೇಸಾಯದಲ್ಲಿ ಏನೇನು ಕೊರತೆಗಳಿವೆ ಎಂಬುದನ್ನು ಅದು ಒಂದೊಂದಾಗಿ ಎಣಿಸುತ್ತದೆ. ಇದನ್ನು ಮೊದಲಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ, ಬೇಕಾದ ಕಡೆ ತೆರೆದು ನೋಡಿದರೆ ಸಾಕು.

ವಾಲ್ಟರ್ ಬ್ಲಿತ್: ಒಂದೇ ಪುಸ್ತಕ ಓದುವುದಾದರೆ

ಇಷ್ಟರಲ್ಲಿ ಒಂದನ್ನು ಮಾತ್ರ ಓದಲು ಸಮಯವಿದೆ ಎನ್ನುವವರಿಗೆ ನಾನು ಹೇಳುವ ಹೆಸರು ವಾಲ್ಟರ್ ಬ್ಲಿತ್. ವಾರಿಕ್‌ಶೈರ್‌ನವನಾದ ಅವನು ಪಾರ್ಲಿಮೆಂಟಿನ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದನು. ರಾಜನ ಶಿರಚ್ಛೇದವಾದ 1649ರಲ್ಲೇ ಇಂಗ್ಲಿಷ್ ಭೂಸುಧಾರಕನ ಬಗ್ಗೆ ಪುಸ್ತಕ ತಂದನು. 1652ರಲ್ಲಿ ಅದನ್ನು ಬಹುವಾಗಿ ಹಿಗ್ಗಿಸಿ, ಸುಧಾರಕನನ್ನೇ ಸುಧಾರಿಸಿದ್ದೇನೆ ಎಂಬ ಅರ್ಥದ ಹೆಸರಿಟ್ಟು ಮತ್ತೆ ಪ್ರಕಟಿಸಿ, ಪಾರ್ಲಿಮೆಂಟಿನ ಪಕ್ಷದ ಸೇನಾನಾಯಕ ಕ್ರಾಮ್‌ವೆಲ್‌ಗೆ ಅರ್ಪಿಸಿದನು. ಖಡ್ಗಗಳನ್ನು ನೇಗಿಲಿನ ಗುಳಗಳನ್ನಾಗಿ ಬಡಿಯುವ ಬೈಬಲಿನ ಮಾತು ಆ ಆವೃತ್ತಿಯ ಮುಖಚಿತ್ರದಲ್ಲಿದೆ. ಇಂಥವನ ಪುಸ್ತಕವನ್ನೂ ರಾಜಪಕ್ಷದ ವೆಸ್ಟನ್‌ನ ಪುಸ್ತಕವನ್ನೂ ಒಂದರ ನಂತರ ಒಂದು ಓದಿದರೆ, ಯುದ್ಧದಲ್ಲಿ ಎದುರುಬದುರಾಗಿದ್ದವರು ಕ್ಲೋವರ್ ಬೀಜದ ವಿಷಯದಲ್ಲಿ ಹೇಗೆ ಒಂದೇ ಕಡೆ ನಿಂತಿದ್ದರು ಎಂಬುದು ಗೊತ್ತಾಗುತ್ತದೆ.

ಬ್ಲಿತ್‌ನ ಮೊದಲ ಆರು ವಿಷಯಗಳು ಹುಲ್ಲುಗಾವಲಿಗೆ ನೀರು ಹಾಯಿಸುವುದು, ಜೌಗು ನೆಲವನ್ನು ಬಸಿಯುವುದು, ಸೋತ ಹುಲ್ಲುನೆಲವನ್ನು ಉತ್ತು ಮತ್ತೆ ಹುಲ್ಲಿಗೆ ಬಿಡುವುದು, ಜನರನ್ನು ಒಕ್ಕಲೆಬ್ಬಿಸದೆ ಬೇಲಿ ಹಾಕುವುದು, ಸುಣ್ಣ ಮೊದಲಾದ ಗೊಬ್ಬರಗಳು, ಮರ ಬೆಳೆಸುವುದು ಇವುಗಳ ಸುತ್ತ ಇವೆ. 1652ರಲ್ಲಿ ಇವಕ್ಕೆ ಹೊಸ ಬೆಳೆಗಳು ಸೇರಿದವು: ಕ್ಲೋವರ್‌ನಂಥ ಮೇವುಗಳು, ನೀಲಿ ಮತ್ತು ಕೆಂಪು ಬಣ್ಣ ಕೊಡುವ ಗಿಡಗಳು, ಹಾಪ್ಸ್, ಕೇಸರಿ, ಜೇಷ್ಠಮಧು, ಎಣ್ಣೆಕಾಳು, ಸೆಣಬಿನಂಥ ನಾರುಗಳು, ಹಣ್ಣಿನ ತೋಟ.

ನೀರಿನ ವಿಷಯದಲ್ಲಿ ಅವನಿಗೆ ಮೊದಲೇ ರೋಲೆಂಡ್ ವಾನ್ ಎಂಬ ಹೆರಿಫರ್ಡ್‌ಶೈರ್‌ನ ಜಮೀನುದಾರನಿದ್ದನು. ಗೋಲ್ಡನ್ ವ್ಯಾಲಿ ಎಂಬ ಕಣಿವೆಯಲ್ಲಿ, ನೆಲದಿಲಿ ಹೊಳೆಯ ದಂಡೆಯಲ್ಲಿ ತೋಡಿದ ಬಿಲದಿಂದ ನೀರು ಹರಿದ ಜಾಗ ಮಾತ್ರ ಹೆಚ್ಚು ಹಸಿರಾಗಿರುವುದನ್ನು ಕಂಡು, ಅದೇ ತತ್ತ್ವದ ಮೇಲೆ ಕಾಲುವೆಗಳನ್ನು ತೋಡಿಸಿ, 1610ರಲ್ಲಿ ಅದರ ಕಥೆಯನ್ನು ಬರೆದವನು. ಚಳಿಗಾಲದಲ್ಲಿ ತೆಳುವಾಗಿ ಹರಿಯುವ ನೀರು ಹಿಮದಿಂದ ಹುಲ್ಲನ್ನು ಕಾಯುತ್ತದೆ. ಮೇವು ತೀರುವ ವಸಂತದ ಮೊದಲ ವಾರಗಳಲ್ಲಿ ಕುರಿಗಳಿಗೆ ಹಸಿಹುಲ್ಲು ಸಿಗುತ್ತದೆ. ಆದರೆ ವಾನ್‌ನ ಪುಸ್ತಕದಲ್ಲಿ ತನ್ನ ಬಗ್ಗೆ ಹೇಳಿಕೊಳ್ಳುವ ಭಾಗವೇ ಹೆಚ್ಚು. ಹಾಗೆಯೇ ಮಾಡಬೇಕೆಂದು ಹೊರಟವನಿಗೆ ಬ್ಲಿತ್ ಹೆಚ್ಚು ನಂಬಿಗಸ್ತ. ಜೌಗು ಬಸಿಯುವ ಅವನ ಸೂಚನೆಯನ್ನೇ ನೋಡಿ. ಮೇಲ್ಮೈಯಲ್ಲಿ ಚರಂಡಿ ತೆಗೆದು ಪ್ರಯೋಜನವಿಲ್ಲ. ತಣ್ಣನೆಯ ನೀರು ಒಸರುವ ಪದರ ಎಲ್ಲಿದೆಯೋ ಅಲ್ಲಿಗಿಂತಲೂ ಒಂದು ಸನಿಕೆಯಷ್ಟು ಕೆಳಕ್ಕೆ ತೋಡಬೇಕು. ತಳಕ್ಕೆ ಕಟ್ಟಿಗೆಯ ಕಂತೆಯನ್ನೋ ಕಲ್ಲನ್ನೋ ತುಂಬಿ ಮೇಲೆ ಹುಲ್ಲುಹೆಂಟೆಯನ್ನು ಬೋರಲಾಗಿ ಹಾಕಿ ಮುಚ್ಚಬೇಕು. ರೋಗದ ಮೂಲವನ್ನು ಹುಡುಕುವ ವೈದ್ಯನ ಮನಸ್ಸು ಇಲ್ಲಿ ಕೆಲಸ ಮಾಡಿದೆ.

ಆದರೂ ಅವನನ್ನು ನಾನು ಮುಂದಿಡುವುದು ಮೇಲೆ ಹೇಳಿದ ಎರಡನೆಯ ಪ್ರಶ್ನೆಯ ಕಾರಣಕ್ಕೆ, ಅಂದರೆ ಸುಧಾರಣೆಯ ಫಲ ಯಾರದು ಎಂಬ ಪ್ರಶ್ನೆಗೆ. ಫಿಟ್ಜ್‌ಹರ್ಬರ್ಟ್ ಭೂಮಿಯ ಅಳತೆಯನ್ನು ಕುರಿತ ತನ್ನ ಇನ್ನೊಂದು ಪುಸ್ತಕದಲ್ಲಿ, ವರ್ಷಕ್ಕೆ 20 ಮಾರ್ಕ್ ಬಾಳುವ ಊರನ್ನು 20 ಪೌಂಡ್ ಬಾಳುವಂತೆ ಮಾಡುವುದು ಹೇಗೆಂದು ಹೇಳುತ್ತಾನೆ. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಹಾಗಾಗಿ ಆದಾಯ ಒಂದೂವರೆ ಪಟ್ಟು. ಅಲ್ಲಲ್ಲಿ ಚದುರಿದ ಹೊಲದ ಪಟ್ಟಿಗಳನ್ನು ಒಡೆಯನೂ ಒಕ್ಕಲುಗಳೂ ಪರಸ್ಪರ ಒಪ್ಪಿ ಬದಲಾಯಿಸಿಕೊಂಡು, ಪ್ರತಿಯೊಬ್ಬನ ನೆಲ ಒಂದೆಡೆ ಸೇರಿ ಬೇಲಿಯೊಳಗೆ ಬಂದರೆ ಎಲ್ಲರಿಗೂ ಲಾಭ ಎಂಬುದು ಅವನ ಯೋಜನೆ. ಟಸರ್ ಇನ್ನೂ ಮುಂದೆ ಹೋಗಿ, ಬೇಲಿಯೊಳಗಿನ ಒಂದು ಎಕರೆ ಬಯಲು ಹೊಲದ ಮೂರು ಎಕರೆಗಿಂತ ಮೇಲು ಎಂದು ಹಾಡಿದನು. ಕಾಗದದ ಮೇಲೆ ಇದು ಸರಿಯೇ. ಊರುಗಳಲ್ಲಿ ನಡೆದದ್ದು ಬೇರೆ. 1607ರಲ್ಲಿ ನಾರ್ತ್ಯಾಂಪ್ಟನ್‌ಶೈರ್, ವಾರಿಕ್‌ಶೈರ್, ಲೆಸ್ಟರ್‌ಶೈರ್‌ಗಳಲ್ಲಿ ಜನರು ಬೇಲಿಗಳನ್ನು ಕಿತ್ತು, ಕಂದಕಗಳನ್ನು ಮುಚ್ಚಿ ದಂಗೆಯೆದ್ದರು, ಪ್ರಾಣಗಳೂ ಹೋದವು. ಅದೇ ವರ್ಷ ಜಾನ್ ನಾರ್ಡನ್ ಎಂಬ ಭೂಮಾಪಕ ಸಂವಾದ ರೂಪದಲ್ಲಿ ಒಂದು ಪುಸ್ತಕ ಬರೆದನು. ಅದರಲ್ಲಿ ಬರುವ ರೈತ, ನೀವು ಅಳತೆಗೆ ಬಂದಿರೆಂದರೆ ನಮ್ಮ ಗೇಣಿ ಏರಿತೆಂದೇ ಅರ್ಥ ಎಂಬ ಧಾಟಿಯಲ್ಲಿ ಭೂಮಾಪಕನನ್ನು ಎದುರಿಸುತ್ತಾನೆ. ಲೇಖಕ ಕೊನೆಗೆ ಭೂಮಾಪಕನನ್ನೇ ಗೆಲ್ಲಿಸಿದರೂ ಆ ರೈತನ ಅನುಮಾನ ಓದುಗನ ಮನಸ್ಸಿನಿಂದ ಹೋಗುವುದಿಲ್ಲ.

ಬ್ಲಿತ್ ಆ ಅನುಮಾನವನ್ನು ತನ್ನದಾಗಿಸಿಕೊಳ್ಳುತ್ತಾನೆ. ಹಳೆಯ ಚಾಳಿಯನ್ನು ಬಿಡದ ಒಕ್ಕಲಿಗರನ್ನು ಬೂಸಲು ಹಿಡಿದವರೆಂದು ಬೈಯುವುದರಲ್ಲಿ ಅವನು ಯಾರಿಗೂ ಕಡಿಮೆಯಲ್ಲ. ಆದರೆ ಅದರ ಜೊತೆಗೇ, ಗೇಣಿದಾರನೊಬ್ಬ ತನ್ನ ದುಡ್ಡು ಮತ್ತು ದುಡಿಮೆ ಹಾಕಿ ನೆಲವನ್ನು ಸುಧಾರಿಸಿದರೆ ಒಡೆಯನು ಗೇಣಿ ಏರಿಸುತ್ತಾನೆ, ಇಲ್ಲವೇ ಬೇರೊಬ್ಬನಿಗೆ ಕೊಡುತ್ತಾನೆ; ಹೀಗಿರುವಾಗ ಅವನು ಏಕೆ ಸುಧಾರಿಸಬೇಕು ಎಂದು ಕೇಳುತ್ತಾನೆ, ಮತ್ತು ಹೊರಹೋಗುವ ಗೇಣಿದಾರನಿಗೆ ಅವನು ಮಾಡಿದ ಸುಧಾರಣೆಯ ಪರಿಹಾರ ಸಿಗುವಂತೆ ಕಾನೂನು ಬೇಕು ಎನ್ನುತ್ತಾನೆ. ಇಂಗ್ಲೆಂಡಿನಲ್ಲಿ ಇಂಥ ಪರಿಹಾರದ ಕಾಯಿದೆ ಮೊದಲು ಬಂದದ್ದು 1875ರಲ್ಲಿ, ಅಂದರೆ ಇನ್ನೂರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ರೈತ ಹೊಸದನ್ನು ಒಪ್ಪದಿರುವುದಕ್ಕೆ ಅವನ ದಡ್ಡತನವೊಂದೇ ಕಾರಣವಲ್ಲ, ಗೇಣಿಯ ಕರಾರೂ ಕಾರಣ ಎಂದು ಇಷ್ಟು ನೇರವಾಗಿ ಬರೆದದ್ದು ದೊಡ್ಡ ವಿಷಯ.

ಬ್ಲಿತ್‌ನ ದೋಷವನ್ನೂ ಹೇಳಬೇಕು. ವಾಕ್ಯಗಳು ಉದ್ದ, ನಡುನಡುವೆ ಬೈಬಲಿನ ಉಪದೇಶ, ಒಂದೇ ಮಾತಿನ ಪುನರುಕ್ತಿ ಅವನಲ್ಲಿ ಸಾಕಷ್ಟಿವೆ. ಮೊದಲ ಓದಿಗೆ ಅವನು ಕಠಿಣ. ಆದುದರಿಂದ ಫಿಟ್ಜ್‌ಹರ್ಬರ್ಟ್‌ನ ನೇಗಿಲು, ಬಿತ್ತನೆ, ಎತ್ತಿನ ಅಧ್ಯಾಯಗಳನ್ನು ಮೊದಲು ಓದಿ ಕಿವಿಯನ್ನು ಹದಗೊಳಿಸಿಕೊಂಡು ಆಮೇಲೆ ಬ್ಲಿತ್‌ಗೆ ಬರುವುದು ಉಚಿತ. ಬರುವಾಗ 1652ರ ಆವೃತ್ತಿಯನ್ನೇ ಆರಿಸಿಕೊಳ್ಳಿ. 1649ರದರಲ್ಲಿ ಹೊಸ ಬೆಳೆಗಳ ಭಾಗವೇ ಇಲ್ಲ.

ಓದುವಾಗ ಎಡವುವ ಪದಗಳು

ಈ ಪುಸ್ತಕಗಳಲ್ಲಿ 'ಕಾರ್ನ್' ಎಂದರೆ ಮುಸುಕಿನ ಜೋಳವಲ್ಲ. ಗೋಧಿ, ರೈ, ಬಾರ್ಲಿ ಯಾವ ಧಾನ್ಯವೂ ಆಗಬಹುದು. ನಮ್ಮ ಓದುಗರು ಹೆಚ್ಚಾಗಿ ಎಡವುವುದು ಇಲ್ಲಿಯೇ. 'ಸಾಯಿಲ್' ಎಂಬುದು ಎಷ್ಟೋ ಕಡೆ ಮಣ್ಣಲ್ಲ, ಗೊಬ್ಬರ. 'ಚಾಂಪಿಯನ್' ಎಂದರೆ ಬೇಲಿಯಿಲ್ಲದ ಬಯಲು ಹೊಲದ ಸೀಮೆ. 'ಸೆವರಲ್' ಎಂದರೆ ಹಲವು ಎಂದಲ್ಲ, ಒಬ್ಬನ ವಶದಲ್ಲಿ ಬೇಲಿಯೊಳಗೆ ಬೇರೆಯಾದ ನೆಲ. ಈ ಎರಡು ಪದಗಳು ತಿಳಿಯದೆ ಟಸರ್‌ನ ಪ್ರಸಿದ್ಧ ಹೋಲಿಕೆ ಅರ್ಥವೇ ಆಗುವುದಿಲ್ಲ.

ವರ್ಲಿಜ್ ಮತ್ತು ಬಿತ್ತನೆಯ ಯಂತ್ರ

ಒಂದೇ ಕಡೆ ಎಲ್ಲವೂ ಅಚ್ಚುಕಟ್ಟಾಗಿ ಸಿಗಬೇಕು ಎನ್ನುವವರಿಗೆ ಹ್ಯಾಂಪ್‌ಶೈರ್‌ನ ಜಾನ್ ವರ್ಲಿಜ್ 1669ರಲ್ಲಿ ಪ್ರಕಟಿಸಿದ ಗ್ರಂಥವಿದೆ. ಹಿಂದಿನವರು ಹೇಳಿದ್ದನ್ನೆಲ್ಲ ಅವನು ಕ್ರಮವಾಗಿ ಜೋಡಿಸಿದ್ದಾನೆ. ಹೊಲ, ಹುಲ್ಲುಗಾವಲು, ತೋಟ, ಜೇನು, ಉಪಕರಣ, ಜೊತೆಗೆ ತಿಂಗಳುಗಳ ಪಂಚಾಂಗ, ಕೊನೆಯಲ್ಲಿ ಹಳ್ಳಿಯ ಪದಗಳ ಕೋಶ. ಆ ಪದಕೋಶಕ್ಕಾಗಿಯಾದರೂ ಇದನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಬ್ಲಿತ್‌ನಲ್ಲಿ ಇರುವ ಬಿಸಿ ಇವನಲ್ಲಿಲ್ಲ, ಬ್ಲಿತ್‌ನಲ್ಲಿ ಇಲ್ಲದ ವ್ಯವಸ್ಥೆ ಇವನಲ್ಲಿದೆ.

ಬೀಜವನ್ನು ಸಾಲಿನಲ್ಲಿ ಬೀಳಿಸುವ ಯಂತ್ರವೊಂದರ ಯೋಜನೆಯನ್ನೂ ವರ್ಲಿಜ್ ಕೊಟ್ಟಿದ್ದಾನೆ. ಕನ್ನಡಿಗರು ಈ ಪುಟಗಳಲ್ಲಿ ಸ್ವಲ್ಪ ಹೊತ್ತು ನಿಲ್ಲುವುದಕ್ಕೆ ಕಾರಣವಿದೆ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ರೈತರು ಕೂರಿಗೆಯಿಂದ ರಾಗಿ ಬಿತ್ತುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಗ್ರಂಥದಲ್ಲಿ ವಿವರಿಸಿದ್ದಾನೆ. ವರ್ಲಿಜ್‌ನ ಪುಸ್ತಕದಲ್ಲಿ ಯೋಜನೆಯಾಗಿದ್ದ ಕೆಲಸವನ್ನು ಬಟ್ಟಲು ಮತ್ತು ಬಿದಿರಿನ ಕೊಳವೆಗಳ ನಮ್ಮ ಕೂರಿಗೆ ದಿನನಿತ್ಯ ಮಾಡುತ್ತಿತ್ತು. ಇಂಗ್ಲೆಂಡಿನಲ್ಲಿ ಅದನ್ನು ಮರ ಮತ್ತು ಕಬ್ಬಿಣದಲ್ಲಿ ಮಾಡಿ ನಡೆಸಿ ತೋರಿಸಿದವನೆಂದು ಹೆಸರಾದವನು ಜೆತ್ರೊ ಟಲ್. ಅವನ ಯಂತ್ರ 1701ರ ಸುಮಾರಿನದು, ಪುಸ್ತಕ 1731 ಮತ್ತು 1733ರದು. ಸಸ್ಯಗಳು ಮಣ್ಣಿನ ಸಣ್ಣ ಕಣಗಳನ್ನೇ ತಿನ್ನುತ್ತವೆ, ಎಡೆ ಹೊಡೆದು ಮಣ್ಣನ್ನು ಪುಡಿ ಮಾಡುತ್ತಿದ್ದರೆ ಗೊಬ್ಬರವೇ ಬೇಡ ಎಂಬ ಅವನ ಸಿದ್ಧಾಂತ ತಪ್ಪು. ಸಾಲಿನಲ್ಲಿ ಬಿತ್ತಿ ಎಡೆ ಹೊಡೆಯಬೇಕೆಂಬ ಅವನ ಕ್ರಮ ಸರಿ. ವೆಸ್ಟನ್‌ನ ಗೊಬ್ಬರದ ಸುತ್ತನ್ನು ಚೆನ್ನಾಗಿ ಅರಿತುಕೊಂಡ ಮೇಲೆ ಟಲ್‌ನನ್ನು ತೆರೆದರೆ, ಅವನು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಪುಟಪುಟದಲ್ಲೂ ಓದುಗರೇ ಗುರುತಿಸಿಕೊಳ್ಳಬಹುದು.